ಸಮುದ್ರವೆಂಬ ಊರು

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರಕ್ಕೂ ಕಡಲಿಗೂ ನಂಟಿಲ್ಲ. ಹಿರಿಯರು ಕೆರೆಯನ್ನೇ ಸಮುದ್ರವೆಂದರು. ಚಳ್ಳಕೆರೆಯೂ ಸೇರಿದ ಈ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ನೆಲಗಳಲ್ಲೊಂದು. ಆ ಹೆಸರಿನಲ್ಲಿ ಹೆಮ್ಮೆಗಿಂತ ಹಂಬಲವೇ ಹೆಚ್ಚೆಂದು ನನಗೆ ತೋರುತ್ತದೆ.

ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ರೈಸರು ಅಶೋಕನ ಶಾಸನವನ್ನು ಕಂಡ 1892ರಲ್ಲೇ ಮೈಸೂರು ಮದರಾಸುಗಳ ನಡುವೆ ನೀರಿನ ಒಪ್ಪಂದವಾಯಿತು. ವೇದಾವತಿಯೂ ಅದರ ಪಟ್ಟಿಯಲ್ಲಿತ್ತು. ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಆ ಹೊಳೆಗಳಿಗೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಕರಾರು ನಮಗೆ ಬಿಗಿಯಾಗಿತ್ತು, ನಿಜ. ಆದರೂ ಮೇಲಿನವನ ಕಟ್ಟೆಯನ್ನು ಕೆಳಗಿನವನು ಪ್ರಶ್ನಿಸಬಹುದಿತ್ತು. ಊರೊಳಗೆ ಅದೇ ನ್ಯಾಯವನ್ನು ನೀರಗಂಟಿ ತೂಬಿನ ಬಳಿ ನಿಂತು ನಡೆಸುತ್ತಿದ್ದ.

ಕೊಳವೆಬಾವಿಗೆ ಮೇಲು ಕೆಳಗೆಂಬುದಿಲ್ಲ. ನೂರಾರು ಅಡಿ ಆಳದಲ್ಲಿ ಯಾರ ನೀರು ಯಾರತ್ತ ಸರಿಯಿತೆಂದು ಹೇಳುವ ನೀರಗಂಟಿಯೆಲ್ಲಿ? ಆಳಕ್ಕೆ ಕೊರೆಯಿಸುವ ಹಣವುಳ್ಳವನಿಗೆ ನೀರು. ಪಕ್ಕದ ಶೇಂಗಾ ಹೊಲದವನಿಗೆ ಬತ್ತಿದ ಕೊಳವೆ, ತೀರದ ಸಾಲ. ಇದಕ್ಕೆ ಜಗಳವೆಂಬ ಹೆಸರೂ ಬರುವುದಿಲ್ಲ.

ಭೂಮಿಯ ಬಿಸಿಯೇರಿದಂತೆ, ಬಂದರೆ ಮಳೆ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. 1933ರಲ್ಲಿ ಕೋಡಿ ಹರಿದಿದ್ದ, ಪಕ್ಕದ ಹಿರಿಯೂರಿನ ವಾಣೀವಿಲಾಸ ಸಾಗರ ಮತ್ತೆ ಕೋಡಿ ಹರಿದದ್ದು 2022ರಲ್ಲಿ! ಅಂಥ ಮಳೆಯನ್ನು ತಡೆದು ನೆಲಕ್ಕಿಳಿಸಬೇಕಾದದ್ದು ಊರೂರಿನ ಕೆರೆ. ಅದರ ಹೂಳೆತ್ತುವ ವಂತಿಗೆಯಲ್ಲಿ ಕೊಳವೆಬಾವಿಯುಳ್ಳವರ ಪಾಲು ಮೊದಲು ಬರಲಿ ಎಂದು ನಾನು ಕೇಳುತ್ತೇನೆ.