ಪಿ.ಟಿ. ಪಿರಿಯಡ್ ಎಲ್ಲಿಗೆ ಹೋಯ್ತು?

ಇವತ್ತು ಮೂರನೇ ಕ್ಲಾಸಿನ ಬಗ್ಗೆ ಮಾತಾಡೋಣ. ಎಸ್ಸೆಸ್ಸೆಲ್ಸಿ ಅಲ್ಲ, ಪಿಯುಸಿ ಅಲ್ಲ, ಮೂರನೇ ಕ್ಲಾಸು. ಯಾಕೆ ಅಂತೀರಾ? ಒಂದು ಸಣ್ಣ ಲೆಕ್ಕ ಹಾಕಿ ನೋಡಿ.

2023ರ ಜನವರಿಯಲ್ಲಿ ಮೂರನೇ ಕ್ಲಾಸಿನಲ್ಲಿ ಕೂತಿದ್ದ ಮಗು ಒಂದನೇ ಕ್ಲಾಸಿಗೆ ಸೇರಬೇಕಾಗಿದ್ದದ್ದು 2020ರ ಜೂನ್‌ನಲ್ಲಿ. ಆ ಜೂನ್‌ನಲ್ಲಿ ಶಾಲೆಯ ಗೇಟಿಗೆ ಬೀಗ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಆ ಬೀಗ ತೆಗೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ಹೊತ್ತಿಗೆ ಈ ಮಗು ಎರಡನೇ ಕ್ಲಾಸಿಗೆ ಬಂದಿತ್ತು. ಒಂದನೇ ಕ್ಲಾಸಿನ ಬೆಂಚನ್ನೇ ನೋಡದೆ ಎರಡನೇ ಕ್ಲಾಸಿನ ಬೆಂಚಿನ ಮೇಲೆ ಕೂತಿತು. ಬೆಂಗಳೂರಿನ ಮಗುವಾಗಿದ್ರೆ 2022ರ ಜನವರಿಯಲ್ಲಿ ಮತ್ತೆ ಒಂದು ತಿಂಗಳು ಮನೆಗೆ ಹೋಯಿತು.

ಅದೇ 2023ರ ಜನವರಿಯಲ್ಲಿ ಅಸರ್ ವರದಿ ಬಂತು. ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಮಗುವಿನ ಕೈಗೆ ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಪಠ್ಯ ಕೊಟ್ಟು "ಓದಪ್ಪಾ, ಓದಮ್ಮಾ" ಅಂತಾರೆ. ಕರ್ನಾಟಕದಲ್ಲಿ 2018ರಲ್ಲಿ ಮೂರನೇ ಕ್ಲಾಸಿನ ನೂರು ಮಕ್ಕಳಲ್ಲಿ ಸುಮಾರು 19 ಮಕ್ಕಳು ಅದನ್ನ ಓದ್ತಿದ್ದರು. 2022ರಲ್ಲಿ ಓದಿದವರು 9ರ ಆಸುಪಾಸು. ಅರ್ಧಕ್ಕಿಂತ ಕಡಿಮೆ. ಒಂದು ಮಾತು ಮರೆಯಬೇಡಿ, ಕೊರೋನಾ ಬರುವ ಮೊದಲೂ ನೂರಕ್ಕೆ 81 ಮಕ್ಕಳು ಓದ್ತಿರಲಿಲ್ಲ! ಎಲ್ಲ ಪಾಪವನ್ನೂ ವೈರಸ್ಸಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋ ಹಾಗಿಲ್ಲ.

ಕಲಿಯದೇ ಇದ್ದದ್ದು ಒಂದು ಕಥೆ. ಕಲಿತದ್ದನ್ನ ಮರೆತದ್ದು ಇನ್ನೊಂದು ಕಥೆ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ, ಎರಡರಿಂದ ಆರನೇ ತರಗತಿಯ 16,067 ಮಕ್ಕಳನ್ನ ಪರೀಕ್ಷಿಸಿದರು. ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗೆ ಗೊತ್ತಿದ್ದ ಭಾಷೆಯ ಒಂದಲ್ಲ ಒಂದು ಸಾಮರ್ಥ್ಯವನ್ನ ಕಳೆದುಕೊಂಡಿದ್ದರು. ಗಣಿತದಲ್ಲಿ ನೂರಕ್ಕೆ 82.

ಸರಿ, ಆಗ ನಾವೇನು ಮಾಡಿದ್ವಿ? ಸರ್ಕಾರ 2022-23ರ ಶೈಕ್ಷಣಿಕ ವರ್ಷವನ್ನ ಕಲಿಕಾ ಚೇತರಿಕೆ ವರ್ಷ ಅಂತ ಘೋಷಿಸಿತು. ಬೇಸಿಗೆ ರಜೆ ಕತ್ತರಿಸಿ 2022ರ ಮೇ 16ಕ್ಕೇ ಶಾಲೆ ತೆರೆಯಿತು. ಉದ್ದೇಶ ಒಳ್ಳೇದೇ, ಅದರಲ್ಲಿ ತಕರಾರಿಲ್ಲ. ಅದರ ಬೆನ್ನಿಗೇ ಐದನೇ ಮತ್ತು ಎಂಟನೇ ಕ್ಲಾಸಿಗೆ 2023ರ ಮಾರ್ಚ್‌ನಲ್ಲಿ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಅಂತ ಸುತ್ತೋಲೆ ಬಂತು. ಆ ಐದನೇ ಕ್ಲಾಸಿನವರು ಯಾರು ಗೊತ್ತಾ? ಶಾಲೆ ಮುಚ್ಚಿದಾಗ ಎರಡನೇ ಕ್ಲಾಸಿನಲ್ಲಿದ್ದವರು. ಮೂರನೇ ಕ್ಲಾಸು ಇವರ ಬದುಕಿನಲ್ಲಿ ಬರಲೇ ಇಲ್ಲ. ಅಂಥವರಿಗೆ ಪರೀಕ್ಷೆ.

ಪರೀಕ್ಷೆ ಅಂದ ಕೂಡಲೇ ಶಾಲೆಗಳಲ್ಲಿ ಮೊದಲು ಕಾಣೆಯಾಗೋದು ಯಾವುದು? ಪಿ.ಟಿ. ಪಿರಿಯಡ್. ಟೈಮ್ ಟೇಬಲ್ಲಿನಲ್ಲಿ ಇರುತ್ತೆ. ಮೈದಾನದಲ್ಲಿ ಇರೋದಿಲ್ಲ. ಗಣಿತದ ಮೇಡಂ ಬಂದು "ಪೋರ್ಷನ್ ಮುಗಿದಿಲ್ಲ, ಕೂತ್ಕೊಳ್ಳಿ" ಅಂತಾರೆ. ಮೇಡಂ ತಪ್ಪೂ ಅಲ್ಲ ಅದು, ಅವರ ತಲೆ ಮೇಲೆ ಮುಖ್ಯೋಪಾಧ್ಯಾಯರು, ಅವರ ತಲೆ ಮೇಲೆ ಬಿಇಒ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರೇ ಇಲ್ಲ. ಖಾಸಗಿ ಶಾಲೆಗಳಲ್ಲಿ ಮೇಷ್ಟ್ರು ಇದ್ದಾರೆ, ಮೈದಾನ ಇಲ್ಲ.

ನನ್ನ ತಕರಾರು ಇಲ್ಲೇ ಇರೋದು. ಕಲಿಕೆಯ ನಷ್ಟ ತುಂಬೋದಕ್ಕೆ ಆಟದ ಹೊತ್ತನ್ನ ಕೊಯ್ತಾ ಇದ್ದೀವಲ್ಲ, ಆ ಆಟವೇ ಕಲಿಕೆಯ ಅರ್ಧ ಔಷಧಿ.

ಆಸ್ಟ್ರಿಯಾ ದೇಶದ ಕ್ಲಾಗೆನ್‌ಫುರ್ಟ್ ಅನ್ನೋ ಊರಿನಲ್ಲಿ ಒಂದು ಅಧ್ಯಯನ ನಡೀತಿತ್ತು. 12 ಪ್ರಾಥಮಿಕ ಶಾಲೆ, ಏಳರಿಂದ ಹತ್ತು ವರ್ಷದ 764 ಮಕ್ಕಳು. 2019ರ ಸೆಪ್ಟೆಂಬರ್‌ನಲ್ಲಿ, ಕೊರೋನಾದ ಹೆಸರೂ ಗೊತ್ತಿಲ್ಲದ ಕಾಲದಲ್ಲಿ, ಈ ಮಕ್ಕಳನ್ನ ಆರು ನಿಮಿಷ ಓಡಿಸಿ ದಮ್ಮು ಅಳೆದಿದ್ದರು. ಆಮೇಲೆ ಲಾಕ್‌ಡೌನ್ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ಮಕ್ಕಳನ್ನ ಮತ್ತೆ ಅಳೆದರು. ವಯಸ್ಸು ಒಂದು ವರ್ಷ ಹೆಚ್ಚಾಗಿದೆ, ಕಾಲು ಉದ್ದ ಆಗಿದೆ. ಆದ್ರೂ ಆ ವಯಸ್ಸಿಗೆ ಇರಬೇಕಾದ ದಮ್ಮಿಗೆ ಹೋಲಿಸಿದ್ರೆ ಭಾರೀ ಕುಸಿತ, ಜೊತೆಗೆ ತೂಕದಲ್ಲಿ ಏರಿಕೆ. ನೆನಪಿಡಿ, ಅಲ್ಲಿ ಶಾಲೆಗಳನ್ನ 2020ರ ಬೇಸಿಗೆಗೆ ಮೊದಲೇ ಮತ್ತೆ ತೆರೆದಿದ್ದರು. ನಮ್ಮ ಚಿಕ್ಕ ಮಕ್ಕಳು ಶಾಲೆಯಿಂದ ದೂರ ಇದ್ದದ್ದು ಹತ್ತೊಂಬತ್ತು ತಿಂಗಳು!

ಆಸ್ಟ್ರಿಯಾದ ಲೆಕ್ಕವನ್ನ ಹಾಗೇ ತಂದು ರಾಯಚೂರಿಗೆ ಅಂಟಿಸೋದಕ್ಕೆ ಆಗಲ್ಲ, ಒಪ್ಪಿಕೊಳ್ತೀನಿ. ನಮ್ಮಲ್ಲಿ ಎರಡು ಥರದ ಬಾಲ್ಯ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮಗು ಎರಡು ಬೆಡ್‌ರೂಮಿನ ಮಧ್ಯೆ ಸಿಕ್ಕಿಹಾಕಿಕೊಂಡಿತು. ಪಾರ್ಕಿಗೆ ಬೀಗ, ಕೈಯಲ್ಲಿ ಮೊಬೈಲು, ಪಕ್ಕದಲ್ಲಿ ಚಿಪ್ಸು. ಆ ಮಗು ಊದಿಕೊಂಡಿತು. ಹಳ್ಳಿಯ ಮಗು ಹೊಲದಲ್ಲಿ, ಕೆರೆ ಏರಿ ಮೇಲೆ ಓಡಾಡ್ತಾ ಇತ್ತು, ನಿಜ. ಆದ್ರೆ ಅದರ ತಟ್ಟೆಗೆ ಬೀಳ್ತಿದ್ದ ಬಿಸಿಯೂಟ ನಿಂತುಹೋಯಿತು. ರೇಷನ್ ಅಕ್ಕಿ-ಬೇಳೆ ಮನೆಗೆ ಕೊಟ್ಟರು, ಅದು ಮನೆಮಂದಿಯ ಪಾತ್ರೆಗೆ ಹೋಯಿತು. ಅಪ್ಪನ ಕೂಲಿಯೂ ನಿಂತಿದ್ದ ಹೊತ್ತು ಅದು. ಒಂದು ಮಗುವಿಗೆ ಮೈ ಭಾರ, ಇನ್ನೊಂದಕ್ಕೆ ಹೊಟ್ಟೆ ಖಾಲಿ. ಓಡು ಅಂದ್ರೆ ಇಬ್ಬರಿಗೂ ಏದುಸಿರು.

ಇನ್ನು ತಲೆಯ ವಿಚಾರ. 2009ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂಬತ್ತು-ಹತ್ತು ವರ್ಷದ ಮಕ್ಕಳನ್ನ ಒಂದು ದಿನ 20 ನಿಮಿಷ ಸುಮ್ಮನೆ ಕೂರಿಸಿ ಪರೀಕ್ಷೆ ಕೊಟ್ಟರು. ಇನ್ನೊಂದು ದಿನ 20 ನಿಮಿಷ ಚುರುಕಾಗಿ ನಡೆಸಿ ಪರೀಕ್ಷೆ ಕೊಟ್ಟರು. ನಡೆದ ದಿನ ಮಕ್ಕಳ ಗಮನ ಗಟ್ಟಿಯಾಗಿತ್ತು, ಓದಿ ಅರ್ಥ ಮಾಡಿಕೊಳ್ಳೋ ಪರೀಕ್ಷೆಯಲ್ಲಿ ಅಂಕವೂ ಹೆಚ್ಚು. ಪ್ರಯೋಗಕ್ಕೆ ಇದ್ದದ್ದು ಇಪ್ಪತ್ತೇ ಮಕ್ಕಳು. ಇದೊಂದನ್ನೇ ಹಿಡ್ಕೊಂಡು ಕಾನೂನು ಮಾಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಅಜ್ಜಿಯಂದಿರಿಗೆ ಇದು ಮೊದಲೇ ಗೊತ್ತಿತ್ತು, "ಹೋಗಿ ಆಡ್ಕೊಂಡು ಬಾ, ಆಮೇಲೆ ಮಗ್ಗಿ ಹೇಳು" ಅಂತಿದ್ದರಲ್ಲ.

ಲಗೋರಿ ಆಟ ನೆನಪು ಮಾಡಿಕೊಳ್ಳಿ. ಚೆಂಡು ತಾಗಿ ಕಲ್ಲು ಚೆಲ್ಲಾಪಿಲ್ಲಿ ಆಯ್ತು. ಈಗ ಆ ಮಗುವಿನ ತಲೆಯಲ್ಲಿ ಏನೇನು ನಡೀಬೇಕು? ಚೆಂಡು ಯಾರ ಕೈಯಲ್ಲಿದೆ ನೋಡಬೇಕು, ಯಾವ ಕಲ್ಲು ಕೆಳಗೆ ಯಾವುದು ಮೇಲೆ ಲೆಕ್ಕ ಇಡಬೇಕು. ನುಗ್ಗೋ ಆಸೆ ತಡ್ಕೊಂಡು ಹೊತ್ತು ನೋಡಿ ನುಗ್ಗಬೇಕು. ಜೊತೆಗಾರನಿಗೆ ಕಣ್ಣಲ್ಲೇ ಹೇಳಬೇಕು. ಔಟಾದ್ರೆ ಜಗಳ ಆಡಿ, ಸೋತು, ಮತ್ತೆ ರಾಜಿ ಆಗಬೇಕು. ನೆನಪಿಟ್ಟುಕೊಳ್ಳೋದು, ತಡೆದುಕೊಳ್ಳೋದು, ಯೋಜನೆ ಬದಲಿಸೋದು. ತರಗತಿಯಲ್ಲಿ ಸಾಲ ತಗೊಂಡು ಕಳೆಯೋ ಲೆಕ್ಕ ಮಾಡೋಕೂ ಬೇಕಾಗಿರೋದು ಇವೇ. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಲ್ಲಿ ನಿಂತು ಗೆರೆ ತುಳೀದೆ ಬಗ್ಗೋ ಹುಡುಗಿಗೆ ಗಮನ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊರೋನಾದ ಆ ಎರಡು ವರ್ಷ ಇದೆಲ್ಲ ಇರಲಿಲ್ಲ. ಶುರುವಿನ ತಿಂಗಳುಗಳಲ್ಲಿ ಶಾಲೆ ಮುಚ್ಚಿದ್ದನ್ನ ನಾನು ಟೀಕಿಸಲ್ಲ. ಯಾರಿಗೂ ಏನೂ ಗೊತ್ತಿಲ್ಲದ ಹೊತ್ತು. ಆದ್ರೆ 2021ರ ಜೂನ್‌ನಲ್ಲೇ ಡಾ. ದೇವಿ ಶೆಟ್ಟಿ ಅವರ ನೇತೃತ್ವದ ತಜ್ಞರ ಸಮಿತಿ, ಶಾಲೆ ತೆರೆಯೋ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಟ್ಟಿತ್ತು. ನಾವೇನು ಮಾಡಿದ್ವಿ? ಅಕ್ಟೋಬರ್ 1ಕ್ಕೆ ಸಿನಿಮಾ ಥಿಯೇಟರ್‌ನ ಎಲ್ಲ ಸೀಟೂ ತುಂಬಿಸೋಕೆ ಒಪ್ಪಿಗೆ. ಒಂದನೇ ಕ್ಲಾಸಿನ ಮಗುವಿಗೆ ಅಕ್ಟೋಬರ್ 25. ಮೂರು ವಾರಕ್ಕೂ ಹೆಚ್ಚು ಕಾಲ ಈ ರಾಜ್ಯದಲ್ಲಿ ಹೌಸ್‌ಫುಲ್ ಬೋರ್ಡು ಇತ್ತು, ಸ್ಲೇಟು-ಬಳಪ ಇರಲಿಲ್ಲ. ಯಾರಿಗೆ ಓಟಿದೆ, ಯಾರಿಗೆ ಇಲ್ಲ ಅನ್ನೋದು ಇದರಲ್ಲೇ ಗೊತ್ತಾಗುತ್ತೆ ಬಿಡಿ.

"ಸಾರ್, ಆಟ ಆಡ್ತಾ ಕೂತ್ರೆ ಓದೋದು ಯಾವಾಗ?" ಅಂತ ಪೋಷಕರು ಕೇಳ್ತಾರೆ. ಟ್ಯೂಷನ್ನಿಗೆ ಸೇರಿಸಿದ್ದೀವಿ, ದುಡ್ಡು ಕಟ್ಟಿದ್ದೀವಿ ಅಂತಾರೆ. ಅವರ ಆತಂಕ ಸುಳ್ಳಲ್ಲ. ಆದ್ರೆ ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಚಟುವಟಿಕೆ ಬೇಕು ಅಂತ ಹೇಳಿದೆ. ನಿಮ್ಮ ಮಗು ಬೆಳಗ್ಗೆ ವ್ಯಾನಿನಲ್ಲಿ ಕೂರುತ್ತೆ, ಕ್ಲಾಸಿನಲ್ಲಿ ಕೂರುತ್ತೆ, ಮತ್ತೆ ವ್ಯಾನು, ಮತ್ತೆ ಟ್ಯೂಷನ್ನು, ಆಮೇಲೆ ಟಿವಿ ಮುಂದೆ. (ನಮ್ಮ ಚಾನೆಲ್ಲೇ ಹಾಕಿರಬಹುದು, ಆದ್ರೂ ಹೇಳ್ತಿದ್ದೀನಿ.) ಆ 60 ನಿಮಿಷ ಎಲ್ಲಿಂದ ಬರಬೇಕು?

ಶಿಕ್ಷಣ ಸಚಿವರಿಗೆ ಒಂದೇ ಕೋರಿಕೆ. ಚೇತರಿಕೆ ಕಾರ್ಯಕ್ರಮದಲ್ಲಿ ಅಕ್ಷರ ಬರುತ್ತಾ, ಕೂಡಿ ಕಳೆಯೋದು ಬರುತ್ತಾ ಅಂತ ಅಳೆದದ್ದಾಯ್ತು. ಅದರ ಜೊತೆ ವರ್ಷಕ್ಕೆರಡು ಸಲ ಮಕ್ಕಳನ್ನ ಆರು ನಿಮಿಷ ಓಡಿಸಿ ಅದನ್ನೂ ಬರೆದಿಡಿ. ಬೇಕಾಗಿರೋದು ಒಂದು ಗಡಿಯಾರ, ಒಂದು ಸುಣ್ಣದ ಗೆರೆ. ಪಿ.ಟಿ. ಪಿರಿಯಡ್‌ನಲ್ಲಿ ಬೇರೆ ಪಾಠ ಮಾಡಬಾರದು ಅಂತ ಒಂದು ಸಾಲಿನ ಸುತ್ತೋಲೆ ಹೊರಡಿಸಿ. ಪರೀಕ್ಷೆಯ ಸುತ್ತೋಲೆ ಹೊರಡಿಸಿದಷ್ಟೇ ಬೇಗ.

ಮತ್ತೆ ನೀವು, ಮನೆಯಲ್ಲಿ ಕೂತು ನೋಡ್ತಿರೋರು. ಇವತ್ತು ರಾತ್ರಿ ಮಗುವಿನ ಡೈರಿ ತೆಗೆದು ಟೈಮ್ ಟೇಬಲ್ ನೋಡಿ. ವಾರಕ್ಕೆ ಎಷ್ಟು ಪಿ.ಟಿ. ಪಿರಿಯಡ್ ಅಂತ ಬರೆದಿದೆ ಎಣಿಸಿ. ಆಮೇಲೆ ಮಗುವನ್ನೇ ಕೇಳಿ, ಹೋದ ವಾರ ಎಷ್ಟು ಸಲ ಹೊರಗೆ ಬಿಟ್ಟರು ಪುಟ್ಟಾ ಅಂತ. ಎರಡು ಸಂಖ್ಯೆ ಬೇರೆ ಬೇರೆ ಬಂದ್ರೆ, ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕಾರ್ಡ್ ಕೇಳೋ ಮೊದಲು ಅದನ್ನ ಕೇಳಿ.