ನಡುವಯಸ್ಸಿನಲ್ಲೊಂದು ಪರೀಕ್ಷೆ



ವೈದ್ಯರಿಗೇಕೆ ಕಂಪ್ಯೂಟರ್ ಪರೀಕ್ಷೆಯ ಮಾತು ಎನ್ನಬೇಡಿ. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ನಾವೂ ಇಲ್ಲಿ ಮತ್ತೆ ಪರೀಕ್ಷೆ ಬರೆದೇ ರೆಸಿಡೆನ್ಸಿ ಸೇರಿದವರು. ಕೆಲಸ ಕಳೆದುಕೊಂಡು, ಮಕ್ಕಳು ಮಲಗಿದ ಮೇಲೆ ಪುಸ್ತಕ ಹಿಡಿಯುವ ಸಾಂತಾ ಕ್ಲಾರಾ, ಫ್ರೀಮಾಂಟ್‌ಗಳ ನಮ್ಮ ಇಂಜಿನಿಯರುಗಳ ಕಷ್ಟ ನಮಗೂ ಗೊತ್ತು.

ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1986ರಲ್ಲಿ ಹೊರತಂದ ಲ್ಯಾಬ್‌ವ್ಯೂನಲ್ಲಿ ಪ್ರೋಗ್ರಾಮನ್ನು ಸಾಲುಸಾಲಾಗಿ ಬರೆಯುವುದಿಲ್ಲ. ಚಿತ್ರಗಳನ್ನು ತಂತಿಗಳಿಂದ ಜೋಡಿಸುತ್ತಾರೆ. ಅದರ ಮೊದಲ ಹಂತದ ಸಿ.ಎಲ್.ಎ.ಡಿ. ಪರೀಕ್ಷೆಗೆ ಓದುವವರು ಒಂದು ಸೂತ್ರವನ್ನು ಮರೆಯಬಾರದು: ಬೇಕಾದ ಮಾಹಿತಿಯೆಲ್ಲ ಬಂದು ಸೇರದೆ ಯಾವ ಘಟಕವೂ ಕೆಲಸ ಆರಂಭಿಸದು. ಬೇಳೆ ಬೇಯದೆ, ಮಸಾಲೆ ರುಬ್ಬದೆ ಹುಳಿ ಕುದಿಸಲಾದೀತೇ? ಬೇಳೆ ಮೊದಲೋ ಮಸಾಲೆ ಮೊದಲೋ ಎಂಬುದಕ್ಕೆ ಮಾತ್ರ ನಿಯಮವಿಲ್ಲ. ಎಡಗಡೆ ಇರುವುದೇ ಮೊದಲು ನಡೆಯುತ್ತದೆಂದು ತಿಳಿದವರು ಎಡವುವುದು ಇಲ್ಲೇ.

ಆದ್ದರಿಂದ ಹಳೆಯ ಪ್ರಶ್ನೆಗಳನ್ನು ಉರುಹೊಡೆಯಬೇಡಿ. ಕೊಟ್ಟ ಉತ್ತರಗಳನ್ನು ಮುಚ್ಚಿಟ್ಟು, ಪೆನ್ಸಿಲ್ ಹಿಡಿದು ತಂತಿಯ ಜಾಡಿನಲ್ಲಿ ಹೋಗಿ, ಸಿಕ್ಕ ಬೆಲೆಯನ್ನು ಬರೆಯಿರಿ. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ. ಸ್ವಂತ ಕಲಿಕೆಗೆ ಉಚಿತ ಆವೃತ್ತಿ 2020ರಿಂದ ದೊರೆಯುತ್ತಿದೆ.

ವೈದ್ಯರಾಗಿ ಒಂದು ಮಾತು: ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ, ನಿದ್ದೆಗೆಟ್ಟು ಓದಬೇಡಿ. ಪ್ರಮಾಣಪತ್ರ ಬಂದೊಡನೆ ಕೆಲಸ ಸಿಕ್ಕೀತೆಂಬ ಭರವಸೆಯಿಲ್ಲ, ನಿಜ. ಆದರೆ ಕೆಲಸ ಹೋದದ್ದನ್ನು ಕೂಟದ ಗೆಳೆಯರಿಂದ ಮುಚ್ಚಿಡಬೇಡಿ. ಜೊತೆಗೆ ಕೂತು ಓದುವವರು ಇಲ್ಲೇ ಸಿಕ್ಕಾರು.