ಮೂರರಲ್ಲಿ ಮುನಿಸಿಕೊಂಡದ್ದು ಯಾವುದು?

ಮಕ್ಕಳೇ, ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ಒಂದು ಹಳೆಯ ಮಾರುತಿ 800 ಕಾರು ಇದೆ ಎಂದುಕೊಳ್ಳಿ. ರಾತ್ರಿಯೆಲ್ಲ ಮಳೆ ಸುರಿದಿದೆ. ಬೆಳಿಗ್ಗೆ ಚಾವಿ ತಿರುವಿದರೆ ಎಂಜಿನ್ ಶುರುವೇನೋ ಆಯಿತು, ಆದರೆ ಗಾಡಿ ಗಡಗಡ ನಡುಗುತ್ತಿದೆ. ಸವಣೂರಿನ ದಾರಿ ಹಿಡಿದರೆ ಎಕ್ಸಿಲರೇಟರ್ ಎಷ್ಟು ತುಳಿದರೂ ಮುಂದೆ ಜಗ್ಗುವುದಿಲ್ಲ. ಹೊಗೆಕೊಳವೆಯಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತಿದೆ. ಗ್ಯಾರೇಜಿಗೆ ಒಯ್ದರೆ ಮಾತು ಹೀಗೆ ನಡೆದೀತು:

“ಕಾಕಾ, ಗಾಡಿ ಯಾಕ ಹಿಂಗ ಸಪ್ಪಳ ಮಾಡಾಕತ್ತೈತಿ?”

“ಮಿಸ್ಸಿಂಗ್ ಹೊಡಿಯಾಕತ್ತೈತಿ ತಂಗಿ. ಮೂರರಾಗ ಒಂದು ಕೆಲಸ ಮಾಡವಲ್ದು.”

“ಯಾವುದು ಅಂತ ನಿಮಗ ಹೆಂಗ ಗೊತ್ತಾಗತೈತಿ?”

“ನನಗೇನೂ ಗೊತ್ತಿಲ್ಲ. ಗಾಡಿನ ಕೇಳೂಣು ತಡಿ.”

ಗಾಡಿಯನ್ನು ಕೇಳುವುದು ಹೇಗೆ? ಅದಕ್ಕೆ ಮೊದಲು ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕು.

ಮೂರು ಕೋಣೆ, ನಾಲ್ಕು ಕೆಲಸ

ಮಾರುತಿ 800 ಮೊದಲ ಬಾರಿ ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ಅದರ ತಯಾರಿಕೆ ನಿಂತದ್ದು 2014ರಲ್ಲಿ. ಅದರ ಎಂಜಿನ್ನಿನಲ್ಲಿ ಮೂರು ಸಿಲಿಂಡರುಗಳಿವೆ. ಮೂರರ ಒಳಜಾಗ ಸೇರಿದರೆ 796 ಸಿಸಿ, ಅಂದರೆ ಒಂದು ಲೀಟರಿಗೂ ಕಡಿಮೆ. ಪ್ರತಿ ಸಿಲಿಂಡರಿನಲ್ಲಿ ಒಂದು ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದು ಮಾಡುವ ಕೆಲಸ ನಾಲ್ಕು. ಕೆಳಗಿಳಿಯುತ್ತ ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೇಲೇರುತ್ತ ಅದನ್ನು ಅದುಮುತ್ತದೆ. ಆಗ ಮೇಲಿರುವ ಸ್ಪಾರ್ಕ್ ಪ್ಲಗ್ ಒಂದು ಕಿಡಿ ಹಾರಿಸುತ್ತದೆ, ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕಡೆಗೆ ಪಿಸ್ಟನ್ ಮತ್ತೆ ಮೇಲೆ ಬಂದು ಹೊಗೆಯನ್ನು ಹೊರದೂಡುತ್ತದೆ. ಈ ಬಗೆಯ ಎಂಜಿನ್ನನ್ನು ಜರ್ಮನಿಯ ನಿಕೊಲಾಸ್ ಆಟೋ 1876ರಲ್ಲಿ ಓಡಿಸಿ ತೋರಿಸಿದ.

ನಾಲ್ಕು ಕೆಲಸದಲ್ಲಿ ಬಲ ಕೊಡುವುದು ಒಂದೇ. ಎಂಜಿನ್ನಿನ ದಂಡ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರಿಗೆ ಒಂದು ಉರಿ. ನಿಂತಲ್ಲೇ ಓಡುವಾಗ ದಂಡ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಒಂದು ಸಿಲಿಂಡರಿನಲ್ಲಿ 450 ಉರಿ, ಮೂರರಲ್ಲಿ ಸೇರಿ 1350. ಅಂದರೆ ಒಂದು ಸೆಕೆಂಡಿಗೆ ಇಪ್ಪತ್ತೆರಡಕ್ಕೂ ಹೆಚ್ಚು! ಒಂದು ಸಿಲಿಂಡರ್ ಸತ್ತರೆ ಸೆಕೆಂಡಿಗೆ ಏಳೆಂಟು ನೂಕು ತಪ್ಪಿಹೋಗುತ್ತವೆ. ಒಂದೇ ಒರಳಿನಲ್ಲಿ ಮೂವರು ಸರದಿಯಂತೆ ಖಾರ ಕುಟ್ಟುವಾಗ ಒಬ್ಬರ ಒನಕೆ ಬೀಳದಿದ್ದರೆ ಪಡಸಾಲೆಯಲ್ಲಿ ಕೂತವರಿಗೂ ಲಯ ತಪ್ಪಿದ್ದು ತಿಳಿಯುತ್ತದಲ್ಲ, ಇಲ್ಲಿಯೂ ಹಾಗೆಯೇ. ಕಾರು ನಡುಗುವುದು ಆ ತಪ್ಪಿದ ಲಯದಿಂದ. ಉರಿಯದ ಪೆಟ್ರೋಲ್ ಹಾಗೆಯೇ ಹೊರಬೀಳುವುದರಿಂದ ಹಸಿ ವಾಸನೆ.

ಉರಿ ಹತ್ತಲು ಮೂರು ಬೇಕು: ಹದವಾದ ಮಿಶ್ರಣ, ಸರಿಯಾದ ಒತ್ತಡ, ಸಮಯಕ್ಕೆ ಸರಿಯಾದ ಕಿಡಿ. ಮಿಶ್ರಣದ ಹದವೆಂದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು ಹದಿನೈದು ಗ್ರಾಂ ಗಾಳಿ. ಮೂರರಲ್ಲಿ ಒಂದು ಕೈಕೊಟ್ಟರೂ ಮಿಸ್ಸಿಂಗ್.

ಒಂದು ವೈರು ಬಿಚ್ಚಿದರೆ

ಈಗ ಮೆಕ್ಯಾನಿಕ್ ಕಾಕಾನ ಪರೀಕ್ಷೆ ನೋಡೋಣ. ಎಂಜಿನ್ ಓಡುತ್ತಿದೆ. ರಬ್ಬರ್ ಹಿಡಿಯ ಇಕ್ಕಳದಿಂದ ಅವರು ಒಂದನೆಯ ಪ್ಲಗ್ಗಿನ ವೈರನ್ನು ಕ್ಷಣಕಾಲ ಕೀಳುತ್ತಾರೆ. ಎಂಜಿನ್ ಇನ್ನಷ್ಟು ಕುಗ್ಗಿತು. ಅಂದರೆ ಒಂದನೆಯದು ದುಡಿಯುತ್ತಿತ್ತು. ವೈರನ್ನು ಮತ್ತೆ ಸಿಕ್ಕಿಸಿ ಎರಡನೆಯದನ್ನು ಕೀಳುತ್ತಾರೆ. ಸಪ್ಪಳ ಒಂದಿಷ್ಟೂ ಬದಲಾಗಲಿಲ್ಲ! ಮೊದಲೇ ಕೆಲಸ ಮಾಡದವನನ್ನು ಮನೆಗೆ ಕಳಿಸಿದರೆ ಕೆಲಸವೇನು ಕಡಿಮೆಯಾದೀತು? ಸಿಕ್ಕಿತು, ಮುನಿಸಿಕೊಂಡದ್ದು ಎರಡನೆಯದು.

ಇದನ್ನು ನೀವು ಮಾತ್ರ ಮಾಡಬೇಡಿ. ಆ ವೈರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಬೆಲ್ಟು ತಿರುಗುತ್ತಿರುತ್ತದೆ. ದೂರ ನಿಂತು ಕಿವಿಗೊಟ್ಟು ಕೇಳಿ, ಸಾಕು.

ಇಲ್ಲೇ ಇನ್ನೊಂದು ಸುಳಿವೂ ಸಿಕ್ಕಿದೆ. ಹಳೆಯ ಕಾರಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್ ಮೂರಕ್ಕೂ ಸೇರಿ ಒಂದೇ. ಕಿಡಿಗೆ ಕರೆಂಟು ಕೊಡುವ ಕಾಯಿಲ್ ಕೂಡ ಒಂದೇ. ಅವು ಕೆಟ್ಟಿದ್ದರೆ ಮೂರೂ ಸಿಲಿಂಡರುಗಳು ಗೋಳಾಡಬೇಕಿತ್ತು. ಒಂದೇ ಸತ್ತಿದೆ ಎಂದರೆ ತಪ್ಪು ಆ ಒಂದಕ್ಕೆ ಸೇರಿದ ಸಾಮಾನಿನಲ್ಲಿ ಇರಬಹುದು: ಪ್ಲಗ್, ಅದರ ವೈರು, ಇಲ್ಲವೇ ಸಿಲಿಂಡರಿನ ಒಳಗೆ.

ಪ್ಲಗ್ಗಿನ ಬಣ್ಣ

ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಕಾಕಾ ಎರಡನೆಯ ಪ್ಲಗ್ ಬಿಚ್ಚುತ್ತಾರೆ. ಕರ್ನಾಟಕದ ಗ್ಯಾರೇಜುಗಳಲ್ಲಿ ಪ್ಲಗ್ ಎಂದರೆ ಬಹುಕಾಲ ಮೈಕೋ ಪ್ಲಗ್. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿತು. 2008ರಿಂದ ಅದರ ಹೆಸರು ಬಾಷ್. ಜರ್ಮನಿಯ ಬಾಷ್ ಕಾರ್ಖಾನೆಯಲ್ಲೇ 1902ರಲ್ಲಿ ಗಾಟ್ಲೋಬ್ ಹೊನೋಲ್ಡ್ ಎಂಬ ಎಂಜಿನಿಯರ್ ಹೆಚ್ಚು ವೋಲ್ಟಿನ ಕಿಡಿ ಹಾರಿಸುವ ಪ್ಲಗ್ಗನ್ನೂ ಅದಕ್ಕೆ ಕರೆಂಟು ಕೊಡುವ ಮ್ಯಾಗ್ನೆಟೋವನ್ನೂ ರೂಪಿಸಿದ್ದ.

ಪ್ಲಗ್ಗಿನ ತುದಿಯ ಬಣ್ಣ ಸಿಲಿಂಡರಿನ ಒಳಗಿನ ಸುದ್ದಿ ಹೇಳುತ್ತದೆ. ತಿಳಿ ಕಂದು ಬಣ್ಣವಿದ್ದರೆ ಎಲ್ಲ ಕ್ಷೇಮ. ಒಣ ಕರಿ ಮಸಿ ಮೆತ್ತಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಎಣ್ಣೆಯಲ್ಲಿ ಅದ್ದಿದ ಹಾಗಿದ್ದರೆ ಎಂಜಿನ್ ಆಯಿಲ್ ಒಳಗೆ ನುಗ್ಗುತ್ತಿದೆ. ಬೆಳ್ಳಗೆ ಸುಟ್ಟಿದ್ದರೆ ಬಿಸಿ ಮಿತಿ ಮೀರಿದೆ. ತುದಿಯ ಎರಡು ಲೋಹಗಳ ನಡುವಿನ ಸಂದು ಒಂದು ಮಿಲಿಮೀಟರಿಗಿಂತ ಕಡಿಮೆ ಇರಬೇಕು. ತೆಳು ಪಟ್ಟಿಗಳ ಫೀಲರ್ ಗೇಜ್ ತೂರಿಸಿ ಅದನ್ನು ಅಳೆಯುತ್ತಾರೆ. ಸವೆದು ಸಂದು ದೊಡ್ಡದಾದರೆ ಕಿಡಿ ದಾಟಲಾರದು.

ಇನ್ನೊಂದು ಸೋಜಿಗ ಕೇಳಿ. ಹೊರಗೆ ಹಿಡಿದಾಗ ಚೆನ್ನಾಗಿ ಕಿಡಿ ಹಾರಿಸುವ ಪ್ಲಗ್ ಒಳಗೆ ಹೋದರೆ ಸೋಲಬಹುದು. ಅದುಮಿದ ಗಾಳಿಯಲ್ಲಿ ಕಣಗಳು ದಟ್ಟವಾಗಿರುತ್ತವೆ. ಅದನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಕಾರಿನ ತುಂಬ ಜನ ಕೂತು ಏರು ಹತ್ತುವಾಗಲೇ ಮಿಸ್ಸಿಂಗ್ ಜೋರಾಗುವುದು ಇದಕ್ಕೇ.

ನಮ್ಮ ಕಾರಿನ ಎರಡನೆಯ ಪ್ಲಗ್ ಪೆಟ್ರೋಲಿನಿಂದ ಒದ್ದೆಯಾಗಿದೆ. ಕಿಡಿ ಹತ್ತಿಲ್ಲವೆಂದು ಅದೇ ಹೇಳುತ್ತಿದೆ. ಹಾಗೆಂದು ಕಾಕಾ ಅದನ್ನು ಎಸೆಯುವುದಿಲ್ಲ. ಒರೆಸಿ, ಮೂರನೆಯ ಸಿಲಿಂಡರಿಗೆ ಹಾಕುತ್ತಾರೆ, ಮೂರನೆಯದನ್ನು ಎರಡನೆಯದಕ್ಕೆ. ಈಗ ಮೂರನೆಯದು ಸತ್ತರೆ ತಪ್ಪು ಪ್ಲಗ್ಗಿನದು. ಎರಡನೆಯದೇ ಸತ್ತಿದ್ದರೆ ಪ್ಲಗ್ ನಿರಪರಾಧಿ. ಮತ್ತೆ ವೈರು ಕಿತ್ತು ಪರೀಕ್ಷಿಸಿದರು. ಈಗಲೂ ಎರಡನೆಯದೇ ಸತ್ತಿದೆ.

ಕತ್ತಲಲ್ಲಿ ಕಂಡ ನೀಲಿ ಕಿಡಿ

ಪ್ಲಗ್ಗಿನ ತಪ್ಪಿಲ್ಲ ಎಂದಾಯಿತು, ಇನ್ನು ಅನುಮಾನ ವೈರಿನ ಮೇಲೆ. ಕಾರಿನ ಬ್ಯಾಟರಿ 12 ವೋಲ್ಟಿನದು. ಅಷ್ಟರಿಂದ ಕಿಡಿ ಹಾರುವುದಿಲ್ಲ. ಮೈಕೆಲ್ ಫ್ಯಾರಡೆ 1831ರಲ್ಲಿ ಒಂದು ಸಂಗತಿ ಕಂಡುಕೊಂಡ: ಕಾಂತಬಲ ಏರಿಳಿದರೆ ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಕಾಯಿಲ್ಲಿನ ಒಳಗೆ ಎರಡು ಸುರುಳಿಗಳಿವೆ, ಒಂದಕ್ಕೆ ನೂರಾರು ಸುತ್ತು, ಇನ್ನೊಂದಕ್ಕೆ ಸಾವಿರಾರು. ಮೊದಲನೆಯದರಲ್ಲಿ ಹರಿಯುವ ಕರೆಂಟನ್ನು ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ಚು ಫಕ್ಕನೆ ತಡೆಯುತ್ತದೆ. ಕಾಂತಬಲ ಕುಸಿಯುತ್ತದೆ, ಎರಡನೆಯ ಸುರುಳಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಏಳುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಮೂರು ಪ್ಲಗ್ಗುಗಳಿಗೆ ಹಂಚುತ್ತದೆ.

ಅಷ್ಟು ವೋಲ್ಟಿನ ವಿದ್ಯುತ್ತು ಸುಲಭದ ದಾರಿ ಸಿಕ್ಕರೆ ಪ್ಲಗ್ಗಿನ ತನಕ ಹೋಗುವುದೇ ಇಲ್ಲ. ಹಳೆಯ ವೈರಿನ ರಬ್ಬರ್ ಬಿರುಕು ಬಿಟ್ಟಿದೆ, ಮಳೆಯ ತೇವ ಅದರಲ್ಲಿ ಕೂತಿದೆ. ವಿದ್ಯುತ್ತು ಅಲ್ಲಿಂದಲೇ ಎಂಜಿನ್ನಿನ ಮೈಗೆ ಜಿಗಿಯುತ್ತದೆ. ಹಗಲಿನಲ್ಲಿ ಇದು ಕಾಣದು. ಅದಕ್ಕೇ ಕಾಕಾ ಶೆಡ್ಡಿನ ಬಾಗಿಲು ಎಳೆದು, ದೀಪ ಆರಿಸಿ, ಬಾನೆಟ್ ಎತ್ತಿ ನೋಡುತ್ತಾರೆ. ಎರಡನೆಯ ವೈರಿನ ಬದಿಯಲ್ಲಿ ಚಟಚಟ ಎನ್ನುವ ಸಣ್ಣ ನೀಲಿ ಕಿಡಿ!

ಎಂಜಿನ್ ನಿಲ್ಲಿಸಿ ಹೊಸ ವೈರು ಹಾಕಿದರು, ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಒಣಬಟ್ಟೆಯಿಂದ ಒರೆಸಿದರು. ಮತ್ತೆ ಚಾವಿ ತಿರುವಿದಾಗ ನಡುಕವಿಲ್ಲ.

ಆಗಲೂ ಸರಿಹೋಗದಿದ್ದರೆ? ಪ್ಲಗ್ ಬಿಚ್ಚಿದ ತೂತಿಗೆ ಗೇಜ್ ಕೂರಿಸಿ ಒತ್ತಡ ಅಳೆಯುತ್ತಾರೆ. ಕಡಿಮೆ ಬಂದರೆ ಒಂದು ಚಮಚ ಎಂಜಿನ್ ಆಯಿಲ್ ಸುರಿದು ಮತ್ತೆ ಅಳೆಯುತ್ತಾರೆ. ಆಯಿಲ್ ಪಿಸ್ಟನ್ ರಿಂಗುಗಳ ಸಂದನ್ನು ಮುಚ್ಚುತ್ತದೆ. ಒತ್ತಡ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ಮೇಲಿನ ವಾಲ್ವು ಸೋರುತ್ತಿರಬಹುದು. ಎಂಜಿನ್ ಬಿಚ್ಚದೆಯೇ ಒಳಗಿನ ರೋಗ ತಿಳಿಯುವ ಜಾಣತನ ಇದು.

ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇರುತ್ತದೆ. ಯಾವ ಸಿಲಿಂಡರಿನ ಸರದಿಯಲ್ಲಿ ದಂಡದ ವೇಗ ಕುಗ್ಗಿತು ಎಂದು ಅದು ಲೆಕ್ಕವಿಟ್ಟು ‘ಪಿ0302’ ಎಂಬಂಥ ಸಂಕೇತ ತೋರಿಸುತ್ತದೆ. ಕೊನೆಯ 2 ಎಂದರೆ ಎರಡನೆಯ ಸಿಲಿಂಡರ್. ಕಾಕಾ ಕಿವಿಯಿಂದ ಹಿಡಿದದ್ದನ್ನೇ ಅದು ಸೆನ್ಸರಿನಿಂದ ಹಿಡಿಯುತ್ತದೆ. ಆದರೆ ಪ್ಲಗ್ಗೋ ವೈರೋ ವಾಲ್ವೋ ಎಂದು ಅದು ಹೇಳುವುದಿಲ್ಲ. ಅದನ್ನು ಹುಡುಕಲು ಒಂದೊಂದನ್ನೇ ಬದಲಾಯಿಸಿ ನೋಡುವ ಮನುಷ್ಯರೇ ಬೇಕು.

ನಿಮಗೆ ಎರಡು ಒಗಟು

ಒಬ್ಬ ಅವಸರದ ಮೆಕ್ಯಾನಿಕ್ ಎರಡನೆಯ ಸಿಲಿಂಡರಿಗೆ ಹೊಸ ಪ್ಲಗ್, ಹೊಸ ವೈರು ಎರಡನ್ನೂ ಒಟ್ಟಿಗೆ ಹಾಕಿ, ಹಳೆಯವನ್ನು ತಿಪ್ಪೆಗೆ ಎಸೆದ. ಕಾರು ಸರಿಯಾಯಿತು. ಕೆಟ್ಟಿದ್ದು ಯಾವುದು? ಯಾರೂ ಹೇಳಲಾರರು. ಕಾರು ಓಡಿತು, ಕಾರಣ ಮಾತ್ರ ತಿಪ್ಪೆ ಸೇರಿತು.

ಇನ್ನೊಬ್ಬಳು ಎರಡನೆಯ ಸಿಲಿಂಡರಿಗೆ ಹೊಸ ವೈರು, ಹೊಸ ಪ್ಲಗ್ ಹಾಕಿದಳು. ಆದರೆ ಬಿಚ್ಚಿದ ಹಳೆಯ ಪ್ಲಗ್ಗನ್ನು ಮೂರನೆಯದಕ್ಕೆ ಕೂರಿಸಿದಳು. ಈಗ ಮೂರು ಸಿಲಿಂಡರೂ ದುಡಿಯುತ್ತಿವೆ. ಅವಳೂ ಒಮ್ಮೆಗೇ ಎರಡು ಬದಲಾಯಿಸಿದ್ದಾಳೆ. ಆದರೂ ಕೆಟ್ಟಿದ್ದು ಯಾವುದೆಂದು ಅವಳಿಗೆ ಗೊತ್ತು. ಹೇಗೆ? ಗೆಳೆಯರೊಡನೆ ಕೂತು ಯೋಚಿಸಿ.